ಗುಮ್ಮ ಕೂರುವ ಕಲ್ಲು

ಅರಸೀಕೆರೆಯ ಕೊಬ್ಬರಿ ಮಂಡಿ ಬೀದಿಯಲ್ಲಿ ನಿಂತು ಪುಷ್ಪಲತಾ ಅವರ ಮನೆ ಯಾವುದು ಎಂದು ಕೇಳಿದರೆ ನಾಲ್ಕು ಜನ ನಾಲ್ಕು ದಿಕ್ಕು ತೋರಿಸುತ್ತಾರೆ. ಗುಮ್ಮದ ಚಿತ್ರದವರ ಮನೆ ಎಂದರೆ ಮಾತ್ರ ಎಲ್ಲರ ಕೈಯೂ ಒಂದೇ ಕಡೆ ತಿರುಗುತ್ತದೆ. ತೀರಿಹೋದ ತಂದೆ ಷಡಕ್ಷರಪ್ಪನವರ ಮಂಡಿ, ಅದರ ಪಕ್ಕದ ಮೆಟ್ಟಿಲು, ಮೇಲಿನ ಕೋಣೆ. ಅಪ್ಪ ಅಮ್ಮ ಹೂವಿನ ಬಳ್ಳಿಯೆಂದು ಹೆಸರಿಟ್ಟರು, ಊರು ಗೂಬೆಯ ಹೆಸರಿನಲ್ಲಿ ಗುರುತಿಟ್ಟುಕೊಂಡಿತು. ಇದರಿಂದ ಪುಷ್ಪಲತಾಗೆ ಬೇಸರವೇನೂ ಇರಲಿಲ್ಲ. ಬೇಸರವಿದ್ದದ್ದು ತಾಯಿ ರುದ್ರಮ್ಮನವರಿಗೆ.

ಲಿಂಗಪೂಜೆಯಾಗದೆ ಕಾಫಿಯನ್ನೂ ಮುಟ್ಟದ ಹೆಂಗಸು ರುದ್ರಮ್ಮ. ಗೂಬೆ ಮನೆಯ ಮೇಲೆ ಕೂತರೆ ಶಾಂತಿ ಮಾಡಿಸಬೇಕು ಎಂದು ಕೇಳಿ ಬೆಳೆದವರು. ಅಂಥವರ ಮಗಳು ಮನೆಯೊಳಗೇ, ಗೋಡೆಯ ತುಂಬ, ತಲೆಯ ಮೇಲೆ ಗರಿಯ ಕೊಂಬು ನಿಮಿರಿಸಿಕೊಂಡ ಕೆಂಡಗಣ್ಣಿನ ಗೂಬೆಗಳನ್ನು ಅಂಟಿಸಿಕೊಂಡಿದ್ದಳು. ರುದ್ರಮ್ಮ ಕಾಫಿ ತಂದರೆ ಲೋಟವನ್ನು ಬಾಗಿಲಲ್ಲೇ ಇಟ್ಟು, ಮುಖ ತಿರುಗಿಸಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ಗಿಣಿ ಬರಿ, ನವಿಲು ಬರಿ, ನಿನ್ನನ್ನು ತಡೆದವರು ಯಾರು, ಈ ಅಪಶಕುನದ ಮೋರೆಯೇ ಯಾಕೆ ಬೇಕು ಎಂದು ವರ್ಷವಿಡೀ ಹೇಳುತ್ತಿದ್ದರು. ಮಗಳು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದಳು.

ಅವಳ ಹಟ ಇಂದು ನಿನ್ನೆಯದಲ್ಲ. ಹೈಸ್ಕೂಲಿನಲ್ಲಿದ್ದಾಗ ಹಳೇಬೀಡಿಗೆ ಕರೆದುಕೊಂಡು ಹೋಗಿ, ಡ್ರಾಯಿಂಗ್ ಮೇಷ್ಟ್ರು ಜಯದೇವಪ್ಪನವರು ಗುಡಿಯ ಗೋಡೆಯ ಆನೆ ಸಾಲನ್ನು ಬರೆಯಲು ಕೂರಿಸಿದರು. ಉಳಿದವರೆಲ್ಲ ಆನೆ ಬರೆದರು. ಇವಳು ಆನೆಯ ಹಿಂದಿನ ಸಂದಿಯಲ್ಲಿ ಹುಲ್ಲುಕಡ್ಡಿ ತುರುಕುತ್ತಿದ್ದ ಗೊರವಂಕವನ್ನು ಬರೆಯಲು ಹೋದಳು. ಅದು ಒಂದು ಕ್ಷಣ ಕೂರುವುದು, ಹಾರುವುದು; ಇವಳು ಅಳಿಸುವುದು, ಬರೆಯುವುದು. ಮೇಷ್ಟ್ರು ಕಿವಿ ಹಿಂಡಿ, ಆಮೇಲೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಹಕ್ಕಿ ಎಲ್ಲಿಗೆ ಬೇಕಾದರೂ ಹೋಗುತ್ತದೆ, ಕಲ್ಲು ಎಲ್ಲಿಗೂ ಹೋಗುವುದಿಲ್ಲ, ಮೊದಲು ಕಲ್ಲು ಬರಿ, ಹಕ್ಕಿಯನ್ನು ಕೊನೆಗೆ ಕೂರಿಸು ಎಂದರು. ಅವತ್ತಿನಿಂದ ಅವಳ ಕೆಲಸದ ರೀತಿ ಅದೇ ಆಯಿತು. ಕಲ್ಲಾಗಲಿ ಕೊಂಬೆಯಾಗಲಿ, ಕೂರುವ ಜಾಗ ಮೊದಲು, ಇದ್ದದ್ದು ಇದ್ದ ಹಾಗೆ. ಬಿರುಕು, ಪಾಚಿ, ಬೆಳಗಿನ ನೆರಳು ಎಲ್ಲ ಬಂದು ಕೂತ ಮೇಲೆ, ಬಿಟ್ಟಿದ್ದ ಬಿಳಿ ಜಾಗದಲ್ಲಿ ಹಕ್ಕಿ. ಇದನ್ನು ಅವಳು ‘ಕೂರಿಸುವುದು’ ಎಂದೇ ಕರೆಯುತ್ತಿದ್ದಳು.

ಹಾಸನದಲ್ಲಿ ಚಿತ್ರಕಲೆ ಓದಿ ಬಂದವಳು ಯಾವ ನೌಕರಿಗೂ ಸೇರಲಿಲ್ಲ. ಮದುವೆಯ ಮಾತು ಬಂತು, ಹೋಯಿತು, ಮತ್ತೆ ಬಂತು, ಕೊನೆಗೆ ಬರುವುದನ್ನೇ ನಿಲ್ಲಿಸಿತು. ಕೆಳಗೆ ಅಣ್ಣ ಇಂದುಧರ ಕೊಬ್ಬರಿ ತೂಗಿಸುತ್ತಿದ್ದ, ಮೇಲೆ ಇವಳು ಬರೆಯುತ್ತಿದ್ದಳು. ಕೊಬ್ಬರಿಯ ವಾಸನೆ ಹಾಳೆಗಳಿಗೂ ಹತ್ತಿ, ನಿಮ್ಮ ಚಿತ್ರ ಬಂದ ದಿನ ಆಫೀಸಿಗೆಲ್ಲ ಹಸಿವಾಗುತ್ತದೆ ಎಂದು ಬೆಂಗಳೂರಿನ ಪ್ರಕಾಶನದವರು ತಮಾಷೆ ಮಾಡುತ್ತಿದ್ದರು. ಸಿಕ್ಕ ಕೆಲಸವನ್ನೆಲ್ಲ ಮಾಡಿದಳು. ಪಠ್ಯಪುಸ್ತಕಕ್ಕೆ ದಾಸವಾಳದ ಹೂವನ್ನು ಸೀಳಿ ತೋರಿಸಿದಳು; ಅರೇಹಳ್ಳಿಯ ಕಾಫಿ ತೋಟದ ಹೋಂಸ್ಟೇ ಒಂದರ ಗೋಡೆಗೆ ಮಂಗಟ್ಟೆ ಹಕ್ಕಿ ಬರೆದುಕೊಟ್ಟಳು. ಬೇಲೂರಿನ ಅಂಗಡಿಯವರೊಬ್ಬರು ಪ್ರವಾಸಿಗಳಿಗೆ ಮಾರುವ ಕಾರ್ಡಿಗೆ ಶಿಲಾಬಾಲಿಕೆ ಬೇಕೆಂದರೆ, ಅವಳ ತಲೆಯ ಮೇಲೆ ಚಾಚಿದ ಕಲ್ಲಿನ ಎಲೆ ಯಾವ ಮರದ್ದು ಎಂದು ಹುಡುಕುತ್ತಾ ಕೂತು ಹೇಳಿದ ದಿನಕ್ಕೆ ಕೊಡದೆ ಹೋದಳು. ಆ ಅಂಗಡಿಯವರು ಮತ್ತೆ ಕರೆಯಲಿಲ್ಲ.

ಗುಮ್ಮ ಅವಳಿಗೆ ಸಿಕ್ಕಿದ್ದು ಮರಿಯಣ್ಣನಿಂದ. ಬಾಣಾವರದಿಂದ ಜಾವಗಲ್ ಕಡೆಗೆ ಹೋಗುವ ದಾರಿಯಲ್ಲಿ, ಬಸ್ಸಿಳಿದು ಹೊಲಗಳ ನಡುವೆ ನಡೆದರೆ ಒಂದು ಕುರುಚಲು ಗುಡ್ಡ. ನೆತ್ತಿಯಲ್ಲಿ, ಬಚ್ಚಲಮನೆಯ ಹಂಡೆಯನ್ನು ಬೋರಲು ಹಾಕಿದ ಹಾಗೆ ಒಂದು ದೊಡ್ಡ ಕಲ್ಲು; ಸುತ್ತಿನವರು ಅದನ್ನು ಹಂಡೆಬಂಡೆ ಎನ್ನುತ್ತಾರೆ. ಮರಿಯಣ್ಣ ಅಲ್ಲಿ ಕುರಿ ಮೇಯಿಸುವ ಮುದುಕ. ಹುಲ್ಲಿನ ಹೂವು ಬರೆಯುತ್ತಾ ಕೂತಿದ್ದ ಇವಳ ಬೆನ್ನ ಹಿಂದೆ ಬಹಳ ಹೊತ್ತು ನಿಂತಿದ್ದು, ಈ ಕಡ್ಡಿ ಬರೆದು ಏನು ಬಂತು, ಬನ್ನಿ ತೋರಿಸುತ್ತೇನೆ ಎಂದು ಕರೆದುಕೊಂಡು ಹೋದ. ಬಂಡೆಯ ಹೊಟ್ಟೆಯಲ್ಲಿ ಒಂದು ಅಟ್ಟದಂಥ ಚಾಚು, ಅದರ ಮುಂದೆ ಮುಳ್ಳು ಕಾರೆಗಿಡ, ಗಿಡದ ಹಿಂದೆ ಎರಡು ಕಿತ್ತಳೆ ಕಣ್ಣು. ಪುಷ್ಪಲತಾ ಅವತ್ತು ಬಸ್ಸು ತಪ್ಪಿಸಿಕೊಂಡಳು.

ಮುಂದಿನ ಎಷ್ಟೋ ವರ್ಷ ಅವಳಿಗೆ ಆ ಗುಮ್ಮದ ಜೋಡಿಯೇ ಬದುಕು. ದೂರದ ಒಂದು ಗುಂಡುಕಲ್ಲಿನ ಮರೆಯಲ್ಲಿ ಕೂತು ದುರ್ಬೀನಿನಲ್ಲಿ ನೋಡುತ್ತಿದ್ದಳು. ಕಾರ್ತಿಕ ಕಳೆದ ಮೇಲೆ ಹೆಣ್ಣು ಮೊಟ್ಟೆಗೆ ಕೂರುವುದು, ಗಂಡು ಅದಕ್ಕೆ ಇಲಿ ತಂದುಕೊಡುವುದು, ಚಳಿ ಇಳಿಯುವ ಹೊತ್ತಿಗೆ ಬೂದು ಹತ್ತಿಯ ಉಂಡೆಗಳಂಥ ಮರಿಗಳು ಚಾಚಿನ ಅಂಚಿಗೆ ಬಂದು ಕೆಳಗೆ ಇಣುಕುವುದು. ಹತ್ತಿರ ಹೋಗುತ್ತಿರಲಿಲ್ಲ. ಹಗಲಲ್ಲಿ ಹೆಣ್ಣನ್ನು ಎಬ್ಬಿಸಿದರೆ ಕಾಗೆಗಳು ಮೊಟ್ಟೆಗೆ ಬೀಳುತ್ತವೆ ಎಂದು ಮರಿಯಣ್ಣ ಮೊದಲೇ ಹೇಳಿದ್ದ.

ಆ ಚಿತ್ರಗಳೇ ಒಂದು ಮಕ್ಕಳ ಪುಸ್ತಕವಾದವು. ಪ್ರಕಾಶನದಲ್ಲಿ ಸಿರಿ ಎಂಬ ಹುಡುಗಿ ಸಂಪಾದಕಿ. ಅವಳೇ ಹಟ ಹಿಡಿದು ಮಾಡಿಸಿದಳು. ಹೊದಿಕೆಯ ಮೇಲೆ ಹಂಡೆಬಂಡೆ, ಅದರ ಅಡ್ಡ ಬಿರುಕು, ಬಿರುಕಿನಿಂದ ಇಳಿದ ಸುಣ್ಣದ ಗೆರೆ, ಕಾರೆಗಿಡ, ಗುಮ್ಮ. ಪುಸ್ತಕ ಶಾಲೆಗಳಿಗೆ ಹೋಯಿತು, ಪತ್ರಿಕೆಯಲ್ಲಿ ಬಂತು. ಅರಸೀಕೆರೆಗೆ ತಡವಾಗಿ ಎಚ್ಚರವಾಯಿತು. ಆ ವರ್ಷದ ರಾಜ್ಯೋತ್ಸವಕ್ಕೆ ಪುಷ್ಪಲತಾಗೆ ಸನ್ಮಾನ ಎಂದು ಗೊತ್ತಾಗಿ, ಬಸ್‌ಸ್ಟ್ಯಾಂಡಿನ ಎದುರಿಗೆ ಫ್ಲೆಕ್ಸ್ ಬಿತ್ತು. ಇವಳ ಮುಖ ಮೂಲೆಯಲ್ಲಿ ಅಂಗೈಯಗಲ, ಗುಮ್ಮದ ಮುಖ ಆನೆಯಷ್ಟು. ಸನ್ಮಾನ ಮಾಡುವ ಸಂಘದವರು ಅಂಗಡಿಗೆ ಹೋಗುವವರನ್ನು ನಿಲ್ಲಿಸಿ ತೋರಿಸಿದರು. ನೋಡಿದವರೆಲ್ಲ ಆಡಿದ್ದು ಒಂದೇ ಮಾತು: ಅರೆ, ಇದು ನಮ್ಮ ಹಂಡೆಬಂಡೆ ಅಲ್ಲವೇ!

ಆ ಮಾತು ಅವಳಿಗೆ ಎಷ್ಟು ಹಿತವಾಯಿತೆಂದರೆ, ಗುಮ್ಮ ಚೆನ್ನಾಗಿದೆ ಎಂದಿದ್ದರೂ ಅಷ್ಟು ಹಿಗ್ಗುತ್ತಿರಲಿಲ್ಲ. ವೇದಿಕೆಯ ಮೇಲೆ ಶಾಲು ಹೊದಿಸಿ, ಈ ಊರಿನ ವಾಡಿಕೆಯಂತೆ ಕೊಬ್ಬರಿ ಗಿಟುಕಿನ ಹಾರ ಹಾಕಿದರು. ಕತ್ತು ಬಗ್ಗಿಹೋಗುವಷ್ಟು ಭಾರ. ಎರಡು ಮಾತಾಡಿ ಎಂದಾಗ ಎಂದೂ ಮೈಕಿನ ಮುಂದೆ ನಿಲ್ಲದ ಹೆಂಗಸು ಬೆವರುತ್ತಲೇ ಹೇಳಿದಳು:

“ನಾನು ಕಂಡಿದ್ದನ್ನ ಕಂಡ ಹಾಗೇ ಬರೀತೀನಿ. ಕಲ್ಲಿನ ಒಂದು ಬಿರುಕನ್ನೂ ಸೇರಿಸಿಲ್ಲ, ಬಿಟ್ಟಿಲ್ಲ.”

ಚಪ್ಪಾಳೆ ಬಿತ್ತು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಎಲ್ಲ ಕಡೆ ಕಳಿಸಿದರು. ಫ್ಲೆಕ್ಸಿನ ಫೋಟೋ, ಈ ಮಾತು, ಊರಿನ ಹೆಸರು. ಇಷ್ಟು ಸಾಕಲ್ಲ? ಹುಡುಕುವವನಿಗೆ ಇದಕ್ಕಿಂತ ಒಳ್ಳೆ ವಿಳಾಸ ಯಾರು ಬರೆದುಕೊಟ್ಟಾರು? ಆದರೆ ಅಂದು ಅವಳಿಗೆ ಅದು ಹೊಳೆಯಲಿಲ್ಲ. ಹಾರದ ಗಿಟುಕನ್ನೆಲ್ಲ ಬಿಡಿಸಿ ರುದ್ರಮ್ಮ ಅಕ್ಕಪಕ್ಕದವರಿಗೆ ಹಂಚಿದರು. ಏನೇ ಆಗಲಿ ಅಪಶಕುನದ ಮೋರೆಯೇ ಮಗಳಿಗೆ ಶಾಲು ಹೊದಿಸಿತಲ್ಲ ಎಂದು ಮೊದಲ ಸಲ ನಕ್ಕರು.

ಹಂಡೆಬಂಡೆಗೆ ಕ್ಯಾಮೆರಾದವರು ಬರತೊಡಗಿದರು. ಮೊದಲು ಒಂದು ಕಾರು, ಆಮೇಲೆ ಭಾನುವಾರದ ಭಾನುವಾರ ಕಾರು. ಮೊಣಕೈಯುದ್ದದ ಲೆನ್ಸು, ಹಸಿರು ಬಟ್ಟೆ, ಮೂರು ಕಾಲಿನ ಸ್ಟ್ಯಾಂಡು. ತಾವೆಲ್ಲ ಹಕ್ಕಿಪ್ರಿಯರು ಎಂದು ಹೇಳಿಕೊಳ್ಳುತ್ತಿದ್ದರು, ಇರಲೂಬಹುದು. ಬೆಕ್ಕಿಗೂ ಇಲಿಯ ಮೇಲೆ ಪ್ರೀತಿಯೇ. ಗುಮ್ಮ ಕೂತದ್ದು ಕಾರೆಗಿಡದ ಹಿಂದೆ, ಫೋಟೋಕ್ಕೆ ಗಿಡ ಅಡ್ಡ. ಒಂದು ದಿನ ಯಾರೋ ಗಿಡವನ್ನು ಬುಡಕ್ಕೆ ಕಡಿದು ಪಕ್ಕಕ್ಕೆಸೆದರು. ಅಷ್ಟೇ. ಯಾರೂ ಮೊಟ್ಟೆ ಮುಟ್ಟಲಿಲ್ಲ, ಯಾರೂ ಕಲ್ಲೆಸೆಯಲಿಲ್ಲ. ಬಟಾಬಯಲಿನಲ್ಲಿ ಕೂರಲಾರದೆ ಹೆಣ್ಣು ಹಗಲಲ್ಲೇ ಎದ್ದುಹೋಯಿತು, ಕಾಗೆಗಳು ಬಂದವು.

ಮರಿಯಣ್ಣ ಫೋನು ಮಾಡಿಸಿ ಕರೆದ. ಅವಳು ಹೋಗಿ ನೋಡಿದಾಗ ಚಾಚಿನ ಮೇಲೆ ಒಡೆದ ಚಿಪ್ಪು, ಕೆಳಗೆ ಬಾಡಿದ ಕಾರೆಗಿಡ. ಹೊದಿಕೆಯ ಚಿತ್ರದಲ್ಲಿ ಆ ಗಿಡದ ಒಂದೊಂದು ಮುಳ್ಳನ್ನೂ ಅವಳು ಬರೆದಿದ್ದಳು. ದಾರಿ ಕೇಳಿಕೊಂಡು ಬಂದವರ ಕೈಯಲ್ಲಿ ಇದ್ದದ್ದೇ ನಿಮ್ಮ ಪುಸ್ತಕ ಎಂದು ಮರಿಯಣ್ಣ ಹೇಳಿದ. ಅವನು ದೂರಿ ಹೇಳಿದ್ದಲ್ಲ, ನಡೆದದ್ದನ್ನು ಹೇಳಿದ. ಪುಷ್ಪಲತಾಗೆ ಮಾತ್ರ ಮೈಮೇಲೆ ಬಿಸಿನೀರು ಬಿದ್ದ ಹಾಗಾಯಿತು. ಬಸ್ಸಿನಲ್ಲಿ ಬರುವಾಗ ಅತ್ತಳು, ಬಂದು ಕೋಣೆಯ ಗೋಡೆಯ ಮೇಲಿದ್ದ ಹಂಡೆಬಂಡೆಗಳನ್ನೆಲ್ಲ ಕಿತ್ತು ಮಂಚದಡಿಗೆ ತಳ್ಳಿದಳು. ಜೋಡಿ ಕಾಣೆಯಾಗಿತ್ತು.

ಬೇಸಗೆಯೆಲ್ಲ ಹೀಗೇ ಹೋಯಿತು. ಮುಂಗಾರು ಬಿದ್ದ ಮೇಲೆ ಒಂದು ಮುಸ್ಸಂಜೆ ಅವಳು ಮರಿಯಣ್ಣನ ಕುರಿಹಟ್ಟಿಯ ಹತ್ತಿರ ಕೂತಿದ್ದಾಗ, ದೂರದ ಕೆರೆಯ ಆಚೆಯಿಂದ ಆ ದನಿ ಕೇಳಿತು. ಒಂದು ಗುಮ್ ಎಂದಿತು, ಸ್ವಲ್ಪ ತಡೆದು ಇನ್ನೊಂದು ಉತ್ತರ ಕೊಟ್ಟಿತು. ಇಬ್ಬರೂ ಉಸಿರು ಹಿಡಿದು ಕೇಳಿದರು.

“ಇನ್ನೂ ಅವೆ ಕಣವ್ವಾ,” ಎಂದ ಮರಿಯಣ್ಣ. “ಜೋಡಿ ಮುರಿದಿಲ್ಲ. ಈ ಜನ ಅತ್ಲಾಗೆ ವೋದ್ರೆ ತಿರ್ಗ ಅಂಡೆಬಂಡೆಗೇ ಬತ್ತವೆ. ಅವುಗ್ಳ ಮನೆ ಅದು.”

ಅಂದಿನಿಂದ ಅವಳಿಗೆ ಉಳಿದ ಆಸೆ ಅದೊಂದೇ. ಅವು ಹಿಂದಿರುಗಿ ಬಂದು ಒಮ್ಮೆ ಮರಿ ಮಾಡಬೇಕು, ಆ ಮರಿಗಳು ಹಾರಿಹೋಗುವವರೆಗೆ ಯಾರೂ ಆ ಗುಡ್ಡ ಹತ್ತಬಾರದು. ಆದರೆ ಜನರನ್ನು ಅತ್ತ ಕಳಿಸುವುದು ಹೇಗೆ? ಅವಳಾಗಲಿ ಮರಿಯಣ್ಣನಾಗಲಿ ಬೇಡವೆಂದರೆ ನಿಲ್ಲುವ ಜನವೇ? ಹಂಡೆಬಂಡೆ ಖಾಲಿಯಾದ ಮೇಲೂ ಕಾರುಗಳು ಬಂದು ಸುತ್ತು ಹೊಡೆದು ಹೋಗುತ್ತಿದ್ದವು.

ಶ್ರಾವಣದಲ್ಲಿ ಸಿರಿ ಫೋನು ಮಾಡಿದಳು. ಪುಸ್ತಕ ಮರುಮುದ್ರಣವಾಗುತ್ತಿದೆ, ಹೊಸ ಹೊದಿಕೆ ಇದ್ದರೆ ಚೆನ್ನ, ಏನಾದರೂ ಹೊಸ ಚಿತ್ರ ಇದೆಯಾ ಎಂದಳು. ಪುಷ್ಪಲತಾ ಇಲ್ಲ ಎನ್ನಲು ಬಾಯಿ ತೆರೆದವಳು ಹೂಂ, ಕೊಡ್ತೀನಿ ಎಂದುಬಿಟ್ಟಳು. ಆ ಕ್ಷಣಕ್ಕೆ ಹೊಳೆದ ಉಪಾಯ ಅದು. ಇಡೀ ಜನ್ಮದಲ್ಲಿ ಸುಳ್ಳು ಬರೆಯದವಳು ಬರೆದರೆ ನಂಬದವರು ಯಾರು? ಗುಮ್ಮವನ್ನು ಬೇರೊಂದು ಕಲ್ಲಿನ ಮೇಲೆ ಕೂರಿಸುತ್ತೇನೆ. ಎಲ್ಲರಿಗೂ ಗುರುತು ಸಿಗುವ, ಗುಮ್ಮವೇ ಇಲ್ಲದ ಕಲ್ಲು. ಹೋಗಲಿ ಅಲ್ಲಿಗೆ, ಕಾದು ಕಾದು ಸಾಯಲಿ.

ಹಳೇಬೀಡಿನ ರಸ್ತೆಯಲ್ಲಿ ಬಿಟ್ಟುಹಾಕಿದ ಕಲ್ಲು ಕ್ವಾರಿಯೊಂದಿದೆ. ಬಸ್ಸಿನ ಕಿಟಕಿಯಿಂದ ದಿನಾ ಸಾವಿರ ಜನ ನೋಡುವ ಜಾಗ. ಸಿಡಿಮದ್ದಿಗೆ ಕುಳಿ ಹೊಡೆದ ಗೆರೆಗಳು ಸಾಲಾಗಿ ಕಾಣುವ ಎತ್ತರದ ಗೋಡೆ, ಬುಡದಲ್ಲಿ ಕಲ್ಲುಪುಡಿಯ ಗುಡ್ಡೆ, ನೀರು ನಿಂತ ಗುಂಡಿ. ಮಧ್ಯಾಹ್ನ ಹೋಗಿ ಸುತ್ತಲೂ ನೋಡಿದಳು. ಗೂಬೆ ಇದ್ದರೆ ಕಾಣಬೇಕಾದ ಹಿಕ್ಕೆಯ ಬಿಳಿ ಕಲೆ ಎಲ್ಲೂ ಇರಲಿಲ್ಲ. ಬಸ್ಸಿನ ಹಾರನ್ನು, ಲಾರಿಯ ಗುಡುಗು. ಇಲ್ಲಿ ಕಾಗೆಯೂ ಸಂಸಾರ ಹೂಡಲಾರದು ಎಂದುಕೊಂಡು ಕಲ್ಲನ್ನು ಬರೆಯಲು ಕೂತಳು. ಕಲ್ಲನ್ನು ಮಾತ್ರ ಇದ್ದ ಹಾಗೇ ಬರೆದಳು, ಗುರುತು ಸಿಗಬೇಕಲ್ಲ.

ಕೋಣೆಗೆ ಬಂದು ಬಣ್ಣ ತುಂಬಿ, ಕೊನೆಗೆ ಗುಮ್ಮವನ್ನು ಕೂರಿಸಬೇಕು. ರಸ್ತೆಗೆ ಚೆನ್ನಾಗಿ ಕಾಣುವ ಕೆಳಗಿನ ಬೋಳು ಕಲ್ಲಿನ ಮೇಲೆ ಕೂರಿಸೋಣ ಎಂದು ಪೆನ್ಸಿಲಿನಲ್ಲಿ ಗೀಚಿದಳು. ಕೈ ಒಪ್ಪಲಿಲ್ಲ. ಅಲ್ಲಿ ಮಧ್ಯಾಹ್ನದ ಬಿಸಿಲು ನೇರ ಬೀಳುತ್ತದೆ, ಯಾವ ಗುಮ್ಮ ಕೂತೀತು? ಅಳಿಸಿದಳು. ನೆತ್ತಿಯ ಮೇಲೆ ಇಟ್ಟಳು. ಅಲ್ಲಿ ಗಾಳಿ, ಹದ್ದಿನ ಕಣ್ಣು. ಅದನ್ನೂ ಅಳಿಸಿದಳು. ಕಡೆಗೆ ಗೋಡೆಯ ಎಡಕ್ಕೆ, ಮೇಲಿನ ಕಲ್ಲು ಸೂರಿನಂತೆ ಚಾಚಿರುವ ಕಡೆ, ಕಾಡು ಸೀತಾಫಲದ ಗಿಡವೊಂದು ಮರೆಯಾಗಿರುವ ಒಂದು ಅಟ್ಟ ಕಂಡಿತು. ಎದುರಿಗೆ ರಾಗಿ ಹೊಲ, ಹೊಲದ ತುಂಬ ಇಲಿಬಿಲ. ಅಲ್ಲಿ ಕೂರಿಸಿದ ಕೂಡಲೇ ಚಿತ್ರ ಉಸಿರಾಡಿತು. ಸುಳ್ಳು ಚಿತ್ರವಾದರೇನು, ಚಿತ್ರ ಕೆಡಿಸಲು ಅವಳಿಗೆ ಬರುತ್ತಿರಲಿಲ್ಲ.

ಹೊಸ ಹೊದಿಕೆ ದೀಪಾವಳಿಯ ಹೊತ್ತಿಗೆ ಬಂತು. ಎಣಿಸಿದಂತೆಯೇ ಆಯಿತು. ಕಾರುಗಳು ಗುಡ್ಡ ಬಿಟ್ಟು ಕ್ವಾರಿಯ ಕಡೆ ತಿರುಗಿದವು. ದಾರಿ ತಪ್ಪಿ ಹಳೆ ಜಾಗಕ್ಕೆ ಬಂದವರನ್ನು ಮರಿಯಣ್ಣ ತಾನೇ ತಿದ್ದಿ ಕಳಿಸುತ್ತಿದ್ದ. ಗುಮ್ಮವಾ, ಅದು ಈಗ ಕ್ವಾರಿಗೆ ಹೋಗೈತಲ್ಲ, ಪುಸ್ತಕದಲ್ಲೇ ಬಂದೈತಂತೆ, ನೋಡಿಲ್ವಾ ಎಂದು ಕೋಲು ಚಾಚಿ ದಾರಿ ತೋರಿಸುತ್ತಿದ್ದ. ಅವರು ಥ್ಯಾಂಕ್ಸ್ ತಾತ ಎಂದು ಹೋದ ಮೇಲೆ, ಕಲ್ಲುಪುಡಿ ಕುಡಿದು ಬರಲಿ ಬಡ್ಡೀಮಕ್ಕಳು ಎಂದು ಕೆಮ್ಮು ಬರುವವರೆಗೆ ನಗುತ್ತಿದ್ದ. ಇದನ್ನು ಅವನು ಅಭಿನಯಿಸಿ ತೋರಿಸಿದಾಗಲೆಲ್ಲ ಪುಷ್ಪಲತಾಳೂ ನಗುತ್ತಿದ್ದಳು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ಅವಳ ಎಣಿಕೆ. ಹಂಡೆಬಂಡೆಯಲ್ಲಿ ಕಾರೆಗಿಡ ಬುಡದಿಂದ ಹೊಸದಾಗಿ ಚಿಗುರಿತ್ತು. ಇನ್ನು ಅವು ಬಂದರಾಯಿತು ಎಂದು ಅವಳು ಹಳೆಯ ಗುಂಡುಕಲ್ಲಿನ ಮರೆಯಲ್ಲಿ ಮತ್ತೆ ಕೂರತೊಡಗಿದಳು.

ಕಾರ್ತಿಕ ಕಳೆಯಿತು, ಚಳಿ ಬಲಿಯಿತು. ಅವು ಬರಲಿಲ್ಲ. ಬರುತ್ತವೆ ಬಿಡಿ, ಇನ್ನೂ ಹೆದರಿಕೆ ಹೋಗಿಲ್ಲ ಎಂದು ಮರಿಯಣ್ಣ ಹೇಳುತ್ತಲೇ ಇದ್ದ.

ಸಂಕ್ರಾಂತಿಯ ಹಿಂದಿನ ದಿನ ರುದ್ರಮ್ಮ ಎಳ್ಳಿಗೆ ಕೊಬ್ಬರಿ ಹೆಚ್ಚಿಕೊಡು ಎಂದು ಮಗಳನ್ನು ಕೆಳಗೆ ಕೂರಿಸಿದ್ದರು. ಫೋನಿನಲ್ಲಿ ಸಿರಿಯ ಮೆಸೇಜು ಬಂತು, ಜೊತೆಗೊಂದು ಫೋಟೋ. ಪುಷ್ಪಲತಾ ಕೈ ಒರೆಸಿಕೊಂಡು ನೋಡಿದಳು. ಒಂದು ಗುಮ್ಮ, ಅದರ ಎದೆಗೆ ಒತ್ತಿಕೊಂಡು ಎರಡು ಬೂದು ಮರಿ. ಅವಳಿಗೆ ಮೊದಲು ಆದದ್ದು ಸಂತೋಷ, ಬರೀ ಸಂತೋಷ. ಮರಿ ಮಾಡಿವೆ ಎಂದು ಗಟ್ಟಿಯಾಗಿ ಅಂದೇಬಿಟ್ಟಳು. ರುದ್ರಮ್ಮ ಯಾವ ಬಾಣಂತಿಯ ಸುದ್ದಿಯೋ ಎಂದು ತಲೆಯೆತ್ತಿದರು. ಆಮೇಲೆ ಅವಳ ಕಣ್ಣು ಹಿಂದಿನ ಕಲ್ಲಿಗೆ ಹೋಯಿತು. ಸಾಲು ಗೆರೆ. ಸೂರಿನಂಥ ಚಾಚು. ಎಡಕ್ಕೆ, ಎಲೆಯುದುರಿದ ಸೀತಾಫಲದ ಕೊಂಬೆ. ಅವಳದೇ ಚಿತ್ರವನ್ನು ಯಾರೋ ಫೋಟೋ ತೆಗೆದ ಹಾಗಿತ್ತು.

ಸಿರಿ ಸಂಭ್ರಮದಲ್ಲಿ ಬರೆದಿದ್ದಳು: ‘ಮೇಡಂ, ಈ ಫೋಟೋ ತೆಗೆದವ್ರು ತಿಂಗಳುಗಟ್ಟಲೆ ಹುಡುಕಿದ್ರಂತೆ, ಸಿಗ್ಲಿಲ್ವಂತೆ. ಆಮೇಲೆ ನಿಮ್ಮ ಕವರ್ ಎದುರಿಗೆ ಹಿಡ್ಕೊಂಡು ಅದೇ ಜಾಗ ನೋಡಿದ್ರೆ ಅಲ್ಲೇ ಕೂತಿತ್ತಂತೆ! ನೀವು ಗ್ರೇಟ್.’

ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುವುದು ಸುಲಭ. ಇದರಲ್ಲಿ ದೈವದ ಕೆಲಸ ಏನೂ ಇರಲಿಲ್ಲ, ಅದೇ ಅವಳನ್ನು ಸುಟ್ಟದ್ದು. ನೆರಳು ಎಲ್ಲಿ, ಮರೆ ಎಲ್ಲಿ, ಇಲಿ ಎಲ್ಲಿ ಎಂದು ಅವಳು ಹುಡುಕಿದ ಹಾಗೆಯೇ ಮನೆ ಕಳೆದುಕೊಂಡ ಆ ಜೋಡಿಯೂ ಹುಡುಕಿತ್ತು. ಆ ಹಕ್ಕಿಗಳನ್ನು ಅಷ್ಟು ವರ್ಷ ನೋಡಿ ನೋಡಿ, ಅವು ಹೋಗುವುದಕ್ಕೆ ಮುಂಚೆಯೇ ಅವು ಹೋಗುವ ಜಾಗವನ್ನು ಅವಳ ಕೈ ಬರೆದಿಟ್ಟಿತ್ತು. ಬೋಳು ಕಲ್ಲಿನ ಮೇಲೆ ಕೂರಿಸಿದ್ದರೆ! ಚಿತ್ರ ಕೆಟ್ಟರೆ ಕೆಡಲಿ ಎಂದು ಒಂದೇ ಒಂದು ಸಲ ಅಂದುಕೊಂಡಿದ್ದರೆ!

ಹಬ್ಬದ ದಿನವೇ ಬಸ್ಸು ಹತ್ತಿದಳು. ಹಬ್ಬದ ದಿನ ಎಲ್ಲಿಗೆ ಎಂದು ರುದ್ರಮ್ಮ ಕೇಳುವಷ್ಟರಲ್ಲಿ ಮೆಟ್ಟಿಲಿಳಿದಿದ್ದಳು. ಮರಿಯಣ್ಣನನ್ನು ಕರೆದುಕೊಂಡು ಕ್ವಾರಿಗೆ ಹೋದಳು. ವಿಷಯವನ್ನು ಅವನಿಗೆ ದಾರಿಯಲ್ಲೇ ಹೇಳಿದಳು.

ಕಲ್ಲುಪುಡಿಯ ಮೇಲೆ ಟೈರಿನ ಗುರುತು, ಬಿಸಾಡಿದ ನೀರಿನ ಬಾಟಲಿ. ಸೀತಾಫಲದ ಗಿಡ ಮೊಣಕಾಲೆತ್ತರಕ್ಕೆ ಕಡಿದುಹೋಗಿತ್ತು. ಅಟ್ಟದವರೆಗೆ ಹತ್ತಲು ಯಾರೋ ಕಲ್ಲು ಜೋಡಿಸಿದ್ದರು. ಮರಿಯಣ್ಣ ಆ ವಯಸ್ಸಿನಲ್ಲೂ ಹತ್ತಿ ನೋಡಿದ. ಇಲಿಯ ಮೂಳೆ, ಹಿಕ್ಕೆಯ ಬಿಳುಪು, ಒಂದು ಹಿಡಿ ಬೂದು ತುಪ್ಪುಳ. ಮರಿಗಳಿರಲಿಲ್ಲ. ಅಷ್ಟು ಚಿಕ್ಕ ಮರಿಗಳು ಹಾರಿಹೋಗುವ ಮಾತೇ ಇಲ್ಲ. ಹದ್ದು ಒಯ್ದಿತೋ, ಅಮಾವಾಸ್ಯೆಗೆ ಗೂಬೆ ಬೇಕೆಂದು, ಗೂಬೆಯಿಂದ ನಿಧಿ ಸಿಗುತ್ತದೆಂದು ನಂಬುವ ಮೂಢರು ಯಾರಾದರೂ ಒಯ್ದರೋ, ಇಂದಿಗೂ ಗೊತ್ತಿಲ್ಲ. ರಸ್ತೆಯ ಹೋಟೆಲಿನವನನ್ನು ಕೇಳಿದರೆ, ದಿನಾ ಎಷ್ಟೋ ಕಾರು ಬರ್ತವೆ, ಯಾರನ್ನ ಅಂತ ನೋಡೋದು ಎಂದ.

ಮರಿಯಣ್ಣ ಕೆಳಗಿಳಿದು ಬಂದು ಕಲ್ಲಿನ ಮೇಲೆ ಕೂತ. ಟವೆಲಿನಿಂದ ಮುಖ ಒರೆಸಿಕೊಂಡ.

“ನಾನೇ ಅಲ್ವೇನವ್ವಾ ದಾರಿ ತೋರ್ಸಿದ್ದು,” ಎಂದ. “ನಗ್ತಾ ನಗ್ತಾ ತೋರ್ಸಿದ್ನಲ್ಲ.”

“ಕೂರ್ಸಿದ್ದು ನಾನು, ಮರಿಯಣ್ಣ,” ಎಂದಳು ಪುಷ್ಪಲತಾ.

ಸಂಜೆಯವರೆಗೆ ಅಲ್ಲೇ ಕೂತಿದ್ದರು. ಬಸ್ಸುಗಳು ಹೋದವು, ಕೊಂಬಿಗೆ ಬಣ್ಣ ಬಳಿದ ಎತ್ತುಗಳನ್ನು ಹೊಡೆದುಕೊಂಡು ಹುಡುಗರು ಹೋದರು. ಕತ್ತಲು ಇಳಿಯುವಾಗ ಕಿವಿಗೊಟ್ಟು ಕಾದರು. ಕೆರೆಯ ಕಡೆಯಿಂದಲೂ ಗುಡ್ಡದ ಕಡೆಯಿಂದಲೂ ಯಾವ ದನಿಯೂ ಬರಲಿಲ್ಲ. ಆ ಚಳಿಗಾಲದಲ್ಲಿ ಬರಲಿಲ್ಲ, ಬೇಸಗೆಯಲ್ಲೂ ಬರಲಿಲ್ಲ. ಮರಿಯಣ್ಣ ಈಗ ಗುಡ್ಡಕ್ಕೆ ಕುರಿ ಹೊಡೆಯುವುದಿಲ್ಲ, ಕೆರೆಯಂಗಳದಲ್ಲೇ ಮೇಯಿಸುತ್ತಾನೆ. ಯಾರಾದರೂ ದಾರಿ ಕೇಳಿದರೆ ತನಗೆ ಕಿವಿ ಕೇಳಿಸುವುದಿಲ್ಲ ಎಂದು ಸನ್ನೆ ಮಾಡುತ್ತಾನೆ.

ಸಿರಿಗೆ ಪುಷ್ಪಲತಾ ಎಲ್ಲವನ್ನೂ ಹೇಳಿದಳು. ಆ ಹುಡುಗಿ ಫೋನಿನಲ್ಲೇ ಅತ್ತಳು, ಕೆಟ್ಟವಳಲ್ಲ. ಹೊದಿಕೆ ಬದಲಿಸುತ್ತೇವೆ ಮೇಡಂ, ಯಾವ ಜಾಗವೂ ಬೇಡ, ಗುಮ್ಮ ಒಂದನ್ನೇ ಬರೆದುಕೊಡಿ ಎಂದಳು. ಪುಷ್ಪಲತಾಗೆ ಬಹಳ ದಿನ ಕೈ ಏಳಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಹಾಳೆ ಬಿಗಿದುಕೊಂಡು ಕೂತಳು. ಬದುಕಿನಲ್ಲಿ ಮೊದಲ ಸಲ ಕಲ್ಲು ಬರೆಯದೆ ಹಕ್ಕಿಯನ್ನು ಬರೆದಳು. ಕೊಂಬು ಬಂತು, ಕೆಂಡದ ಕಣ್ಣು ಬಂತು, ಎದೆಯ ಗೆರೆ ಬಂತು. ಉಗುರುಗಳು ಹಿಡಿಯಲು ಏನೂ ಇಲ್ಲದೆ ಬಿಳಿ ಹಾಳೆಯಲ್ಲಿ ಮಡಚಿಕೊಂಡಿದ್ದವು.

ರುದ್ರಮ್ಮ ಕಾಫಿ ತಂದರು. ಲೋಟವನ್ನು ಎಂದಿನಂತೆ ಬಾಗಿಲಲ್ಲಿಡಲು ಬಗ್ಗಿದವರು, ಏನನ್ನಿಸಿತೋ, ಒಳಗೆ ಬಂದರು. ಆ ಮೋರೆಯನ್ನು ನೇರವಾಗಿ ಅವರು ನೋಡಿದ್ದು ಅದೇ ಮೊದಲು. ಬಹಳ ಹೊತ್ತು ನೋಡಿದರು.

“ಎಲ್ಲೇ ಕೂತೈತೆ ಇದು?” ಎಂದು ಕೇಳಿದರು.

ಎಲ್ಲೂ ಇಲ್ಲ ಎಂದಳು ಪುಷ್ಪಲತಾ.

“ಕೂರಕ್ಕೊಂದು ಕಲ್ಲಾದ್ರೂ ಹಾಕೇ. ಪಾಪ.”

ಪುಷ್ಪಲತಾ ಕುಂಚವನ್ನು ನೀರಿಗದ್ದಿ, ಬೂದುಬಣ್ಣಕ್ಕೆ ತಾಗಿಸಿದಳು. ಉಗುರಿನ ಕೆಳಗೆ ತಂದು ಹಿಡಿದಳು. ಅವಳಿಗೆ ಬರೆಯಲು ಬರುತ್ತಿದ್ದ ಕಲ್ಲುಗಳೆಲ್ಲ ಎಲ್ಲೋ ಒಂದು ಕಡೆ ಇದ್ದ, ಹುಡುಕಿದರೆ ಸಿಗುವ ಕಲ್ಲುಗಳೇ. ತಾಯಿ ಪಕ್ಕದಲ್ಲಿ ನಿಂತು ಕಾಯುತ್ತಿದ್ದರು. ಅವಳು ಕುಂಚವನ್ನು ತೊಳೆದು, ಒರೆಸಿ ಡಬ್ಬಿಯಲ್ಲಿಟ್ಟಳು. ಕಾಫಿ ಆರಿಹೋಗಿತ್ತು, ಅದನ್ನೇ ಕುಡಿದಳು.